ಹಿಂದಿನ ಅನುಭವ

ಕಡಲಿಗೆ ಬೀಗ ಹಾಕಿದರೆಂದು
ರೇಡಿಯೋ ಹೇಳಿದ್ದು ಒಂದು ಜುಲೈ ಸಂಜೆ.
ಲಿಯಾಂಡರ್ ಪಾರ್ಡಿ ನಕ್ಕ: 'ಚಿಲಕ ಯಾವ ಕಡೆಗಿದೆಯಂತೆ?'
ಆಮೇಲೆ ಆ ಬೇಸಿಗೆಯಿಡೀ ಯಾರೂ ನಗಲಿಲ್ಲ.

ಕಾಡ್ ಮೀನು ಮುಗಿದಿತ್ತು.
ನ್ಯೂಫೌಂಡ್‌ಲ್ಯಾಂಡಿನ ಈ ಬಂಡೆಯಂಚಿನಲ್ಲಿ
ಮನೆ ಕಟ್ಟಿದ್ದೇ ಮೀನಿಗೆ ಮುಖ ಮಾಡಿ;
ರಸ್ತೆ ಬಂದದ್ದು ತಡವಾಗಿ, ಬೆನ್ನ ಹಿಂದೆ.

ನಾನು ಫಿಲೊಮಿನಾ. ಹತ್ತೊಂಬತ್ತು ವರ್ಷ
ಮೀನಿನ ಕಾರ್ಖಾನೆಯಲ್ಲಿ ಚಾಕು ಹಿಡಿದವಳು.
ಮುಳ್ಳು ಬೇರೆ, ಮಾಂಸ ಬೇರೆ, ಚರ್ಮ ಬೇರೆ.
ಬೇರೆ ಮಾಡುವುದೊಂದೇ ಬಲ್ಲ ಕೈ.

ಸರ್ಕಾರದ ಕಾಗದ ಬಂತು: ಚೆಕ್ಕು ಬೇಕೆಂದರೆ ಕಲಿಯಬೇಕು.
ಕಾಲೇಜು ಎಂದರೆ ಅದೇ ಕಾರ್ಖಾನೆಯ ಮಂಜುಗಡ್ಡೆ ಕೋಣೆ,
ಗೋಡೆಗೆ ಹಸಿರು ಬಳಿದು, ಹೊಸ ಬೋರ್ಡು ಹೊಡೆದು.
ತೇವದ ದಿನ ನೆಲ ಹಳೆಯದನ್ನೆಲ್ಲ ನಾರುತ್ತಿತ್ತು.
ಎರಡೇ ಕೋರ್ಸು: ಕೇಶಾಲಂಕಾರ, ಇಲ್ಲವೇ ಬೆಸುಗೆ.
ಹದಿನೇಳು ಹೆಂಗಸರು ಕತ್ತರಿ ಎತ್ತಿಕೊಂಡರು.
ಊರಲ್ಲಿದ್ದ ತಲೆ ಇನ್ನೂರ ಹತ್ತು, ಅದರಲ್ಲಿ ಬೋಳು ಮೂವತ್ತು.
ಲೆಕ್ಕ ಹಾಕಿ ನಾನು ಗಂಡಸರ ಸಾಲಿಗೆ ಬಂದೆ.

ಅರ್ಜಿ ತುಂಬುವಾಗ ಲಿಯಾಂಡರ್, ಐವತ್ತೊಂದರವ,
ಬಲೆ ಹೆಣೆಯುವ ಬೆರಳಲ್ಲಿ ಪೆನ್ನು ಹಿಡಿದು ಬೆವರಿದ.
'ಹಿಂದಿನ ಅನುಭವ' ಎಂದಿದ್ದಲ್ಲಿ
ಬಹಳ ಹೊತ್ತು ನೋಡಿ ಬರೆದ: ಇಲ್ಲ.
ಮೇಷ್ಟ್ರು ಆಂಬ್ರೋಸ್ ಕೀಪಿಂಗ್ ಅದನ್ನು ಓದಿದರು,
ಏನೂ ಅನ್ನದೆ ಫೈಲಿಗೆ ಸೇರಿಸಿದರು.

'ಕಣ್ಣು ಮುಚ್ಚಿಕೊಂಡು ಕೇಳಿ' ಅಂದರು ಮೂರನೇ ವಾರ.
'ಬೆಸುಗೆ ಸರಿಯಿದ್ದರೆ ಬಾಣಲೆಯಲ್ಲಿ ಹಂದಿಕೊಬ್ಬು ಸಿಡಿದ ಹಾಗೆ,
ತಪ್ಪಿದರೆ ಉಗುಳಿದ ಹಾಗೆ.'
ದಟ್ಟ ಮಂಜಿನಲ್ಲಿ ಎಂಜಿನ್ನಿನ ಕೆಮ್ಮು ಕೇಳಿ
ಇದು ಯಾರ ದೋಣಿ, ಕುಡಿದು ಬರುತ್ತಿದ್ದಾನೋ ಇಲ್ಲವೋ
ಹೇಳುತ್ತಿದ್ದ ಕಿವಿ ಲಿಯಾಂಡರನದು.
ಕ್ರಿಸ್‌ಮಸ್ ಹೊತ್ತಿಗೆ ನಮ್ಮನ್ನೆಲ್ಲ ಅವನೇ ತಿದ್ದುತ್ತಿದ್ದ,
ಬೆನ್ನು ತಿರುಗಿಸಿ ನಿಂತು.

ಮುಖವಾಡ ದೊಡ್ಡ ಉಪಕಾರಿ.
ಅದರೊಳಗೆ ಗಂಡಸರು ಅತ್ತರು.
ಕಣ್ಣು ಯಾಕೆ ಕೆಂಪು ಅಂದರೆ, ಕಿಡಿಯ ಬೆಳಕು ಹೊಡೆಯಿತು ಅನ್ನುವುದು.
ಹೆಂಡಂದಿರು ಹಸಿ ಆಲೂಗಡ್ಡೆಯ ಹೋಳು ಇಟ್ಟು
ಸುಮ್ಮನಾಗುವುದು.

ಪ್ರಮಾಣಪತ್ರ ಬಂತು. ಟಿಕೆಟ್ಟೂ ಅದೇ ಅಳತೆಯದು.
ಹನ್ನೆರಡರಲ್ಲಿ ಒಂಬತ್ತು ಮಂದಿ ಆಲ್ಬರ್ಟಾದ ಎಣ್ಣೆಮರಳಿಗೆ ಹೋದರು.
ಊರನ್ನು ಹಿಡಿದಿಡಲು ತೆರೆದ ಬಾಗಿಲಲ್ಲೇ
ಊರು ಹೊರಬಿತ್ತು.
ಇದನ್ನು ನಾನು ವಾರ್ಷಿಕೋತ್ಸವದಲ್ಲಿ ಹೇಳುವುದಿಲ್ಲ.

ಉಳಿದವರು ಏನು ಮಾಡಿದೆವೆಂದರೆ:
ಎಫಿ ಮುದುಕಿಯ ಹಿಮಗಟ್ಟಿದ ಮೆಟ್ಟಿಲಿಗೊಂದು ಹಿಡಿಕಂಬಿ.
ಆಮೇಲೆ ಪಕ್ಕದ ಮನೆಗೆ. ಆಮೇಲೆ ಎಲ್ಲರಿಗೂ.
ಈಗ ಚರ್ಚಿನಿಂದ ಬಂದರಿನವರೆಗೆ
ಕಬ್ಬಿಣ ಬಿಡದೆ ಇಳಿಯಬಹುದು.

ಮೇಷ್ಟ್ರು ತೀರಿಕೊಂಡರು. ಅವರ ಕೀಲಿಗೊಂಚಲು ನನ್ನ ಸೊಂಟದಲ್ಲಿದೆ.
ಈ ಸಲ ಐವರು: ಏಡಿ ಸುಲಿಯಲು ಫಿಲಿಪೀನ್ಸಿನಿಂದ ಬಂದ ರೋಸೆಲ್ಡಾ,
ಮೀಸೆ ಮೂಡದ ಅಣ್ಣತಮ್ಮ,
ಆಲ್ಬರ್ಟಾದಲ್ಲಿ ಹುಟ್ಟಿ, ಅಜ್ಜನ ಊರು ಹುಡುಕಿ ಬಂದ ಇಬ್ಬರು.
ಆರಕ್ಕೆ ಕಡಿಮೆಯಾದರೆ ಮುಚ್ಚಿ, ಅಂದಿದೆ ಮೇಲಿನ ಕಚೇರಿ.

ಸೋಮವಾರ ಬೆಳಿಗ್ಗೆ ಲಿಯಾಂಡರ್ ಬಂದ. ಎಪ್ಪತ್ತೆಂಟು.
ಊರುಗೋಲು, ಊಟದ ಡಬ್ಬಿ, ಕಂಕುಳಲ್ಲಿ ಹಳೆಯ ಮುಖವಾಡ.
'ಅರ್ಜಿ ಕೊಡು' ಅಂದ.
ಚಹಾದ ನೀರು ಕುದಿದು ತಣಿದರೂ ತಲೆ ಎತ್ತಲಿಲ್ಲ.
ಬರೆದ, ಬರೆದ,
ಕೊನೆಗೆ ಕಾಗದ ಮಗುಚಿ ನೋಡಿ ಕೇಳಿದ:
'ಹಿಂಬದಿಯಲ್ಲೂ ಬರೆಯಬಹುದಾ?'